ಪಿಸಿಓಎಸ್ ಇರುವವರಿಗೆಂದೇ ನಡೆಯುವ ಏರೋಬಿಕ್ಸ್ ತರಗತಿ: ಒಂದು ವಿಮರ್ಶೆ

ಮೈಸೂರಿನ ನಮ್ಮ ಬಡಾವಣೆಯಲ್ಲಿ ಪಿಸಿಓಎಸ್ (ಹಾರ್ಮೋನುಗಳ ಅಸಮತೋಲನದಿಂದ ಮುಟ್ಟು, ಅಂಡೋತ್ಪತ್ತಿ ಏರುಪೇರಾಗುವ ಸಮಸ್ಯೆ) ಇರುವ ಮಹಿಳೆಯರಿಗೆಂದೇ ನಡೆಯುವ ಬೆಳಗಿನ ಏರೋಬಿಕ್ಸ್ ತರಗತಿಗೆ ನಾನು ಸೇರಿದ್ದು ಕೇವಲ ತೂಕ ಇಳಿಸಿಕೊಳ್ಳಲು ಅಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚುವ ಪ್ರೋಟೀನ್) ಮಟ್ಟ ಹೆಚ್ಚಿರುವುದನ್ನು ತೋರಿಸಿದ ವೈದ್ಯರು, ಈ ಸಮಸ್ಯೆ ಇರುವ ಅನೇಕರ ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತ ಸದಾ ಇರುತ್ತದೆ, ಅದು ಇನ್ಸುಲಿನ್ ಪ್ರತಿರೋಧದೊಂದಿಗೆ (ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದೆ ಅದು ಹೆಚ್ಚು ಉತ್ಪತ್ತಿಯಾಗುವ ಸ್ಥಿತಿ) ಹೆಣೆದುಕೊಂಡಿರುತ್ತದೆ, ಹೆಚ್ಚಾದ ಇನ್ಸುಲಿನ್ ಅಂಡಾಶಯದಲ್ಲಿ ಆಂಡ್ರೋಜನ್ (ಪುರುಷ ಹಾರ್ಮೋನು) ಉತ್ಪತ್ತಿಯನ್ನು ಪ್ರಚೋದಿಸುತ್ತದೆ ಎಂದು ವಿವರಿಸಿದ್ದರು. ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ನೆರವಿಲ್ಲದೆಯೂ ಗ್ಲೂಕೋಸನ್ನು ಹೀರಿಕೊಳ್ಳುವುದರಿಂದ, ತೂಕ ಅಷ್ಟಾಗಿ ಇಳಿಯದಿದ್ದರೂ ವ್ಯಾಯಾಮ ವ್ಯರ್ಥವಲ್ಲ.

ತರಬೇತುದಾರರ ಎಚ್ಚರ ನಿಜಕ್ಕೂ ಮೆಚ್ಚುವಂಥದ್ದು. ಸ್ಟೆಪ್ಪರ್ ಹಲಗೆಯ ಮೇಲೆ ಹತ್ತಿ ಇಳಿಯುತ್ತಿರುವಾಗಲೇ ಪಕ್ಕಕ್ಕೆ ಬಂದು, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳುತ್ತಾರೆ. ಉತ್ತರವಾಗಿ ಒಂದು ವಾಕ್ಯ ಹೇಳಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಮಧ್ಯಮ ತೀವ್ರತೆಯನ್ನು ಅಳೆಯಲು ಇದಕ್ಕಿಂತ ಸರಳ ಕ್ರಮವಿಲ್ಲ. ಮಂಡಿನೋವು ಇರುವವರಿಗೆ ಜಿಗಿತದ ಬದಲು ನಿಂತಲ್ಲೇ ನಡಿಗೆ ಹೇಳಿಕೊಡುತ್ತಾರೆ.

ಕೊರತೆಗಳೂ ಇವೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮದ ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಸೂಚಿಸುತ್ತದೆ. ಇಲ್ಲಿ ಅದು ವಾರಕ್ಕೊಮ್ಮೆ ಮಾತ್ರ. ಗೋಡೆಯ ಮೇಲಿರುವ ‘ಪಿಸಿಓಎಸ್ ಸಂಪೂರ್ಣ ಗುಣ’ ಎಂಬ ಫಲಕವನ್ನು ತೆಗೆಯಲೇಬೇಕು, ಏಕೆಂದರೆ ಅದನ್ನು ನಂಬಿ ಯಾರಾದರೂ ಔಷಧ ನಿಲ್ಲಿಸಿದರೆ ಹಾನಿಯಾಗುತ್ತದೆ. ಸೇರಿದವರಿಗೆಲ್ಲ ಸಿಆರ್‌ಪಿ ಪರೀಕ್ಷೆ ಮಾಡಿಸಲು ಹೇಳುವ ಇವರು, ನೆಗಡಿ ಜ್ವರವಿದ್ದರೂ ಆ ಮಟ್ಟ ಏರುತ್ತದೆ ಎಂಬುದನ್ನೂ ಮೊದಲೇ ತಿಳಿಸುವುದು ಒಳ್ಳೆಯದು.