ಎನ್‌ಎಸಿ ಪುಡಿಯೋ, ಗ್ಲೈಸಿನ್ ಪುಡಿಯೋ?

ಉಣಕಲ್ ಕೆರೆಯ ದಂಡೆಗೆ ವಾಕಿಂಗ್ ಬರುವ ಗೆಳೆಯರೊಬ್ಬರು ಮೊನ್ನೆ ಕೇಳಿದರು: "ಆಂಟಿಆಕ್ಸಿಡೆಂಟ್‌ಗೆ ಅಂತ ಅಮೈನೋ ಆಸಿಡ್ ಪುಡಿ ತಗೋಬೇಕು. ಯಾವುದು ಒಳ್ಳೇದು?"

ಆಂಟಿಆಕ್ಸಿಡೆಂಟ್ ಅಂದರೆ ಜೀವಕೋಶಗಳನ್ನು ಹಾನಿಯಿಂದ ಕಾಪಾಡುವ ವಸ್ತು. ಗ್ಲುಟಾಥಯೋನ್ ಎಂಬ ಆಂಟಿಆಕ್ಸಿಡೆಂಟನ್ನು ನಮ್ಮ ದೇಹ ತಾನೇ ತಯಾರಿಸುತ್ತದೆ. ಅದಕ್ಕೆ ಗ್ಲುಟಮೇಟ್, ಸಿಸ್ಟೀನ್, ಗ್ಲೈಸಿನ್ ಈ 3 ಅಮೈನೋ ಆಸಿಡ್ (ಪ್ರೋಟೀನಿನ ಬಿಡಿಭಾಗಗಳು) ಬೇಕು. ಸಾಮಾನ್ಯವಾಗಿ ಕಡಿಮೆ ಬೀಳುವುದು ಸಿಸ್ಟೀನ್. ಎನ್‌ಎಸಿ (ಎನ್-ಅಸಿಟೈಲ್ ಸಿಸ್ಟೀನ್) ಕೊಡುವುದು ಅದನ್ನೇ. ಹಾಗಾಗಿ ಕಾಗದದ ಮೇಲೆ ಎನ್‌ಎಸಿ ಮುಂದಿದೆ.

ಆದರೆ ಡಬ್ಬಿ ತೆಗೆದು ಮೂಸಿ ನೋಡಿ! ಕೊಳೆತ ಮೊಟ್ಟೆಯ ವಾಸನೆ, ಅದರಲ್ಲಿರುವ ಗಂಧಕದ್ದು. ನೀರಿಗೆ ಹಾಕಿದರೆ ಹುಳಿ. ನಾನು ಮೊದಲ ದಿನ ಮೂಗು ಹಿಡಿದೇ ಕುಡಿದೆ. ಆಮೇಲೆ ತೇಗು ಬಂದಾಗಲೆಲ್ಲ ಮತ್ತೆ ಅದೇ ನೆನಪು. ಗ್ಲೈಸಿನ್ ಹಾಗಲ್ಲ, ಸಿಹಿ. ಚಹಾಕ್ಕೆ ಹಾಕಿದರೆ ಸಕ್ಕರೆ ಅಂದುಕೊಳ್ಳುತ್ತೀರಿ.

ಇನ್ನೊಂದು ಮಾತು. ಎನ್‌ಎಸಿ ಸುಮ್ನೆ ಪುಡಿಯಲ್ಲ, ಔಷಧಿಯೂ ಹೌದು. ಕಫ ತೆಳುವಾಗಲು ಕೊಡುತ್ತಾರೆ. ಪ್ಯಾರಾಸಿಟಮಾಲ್ ಜಾಸ್ತಿ ನುಂಗಿದವರ ಲಿವರ್ ಉಳಿಸಲೂ ಕೊಡುತ್ತಾರೆ. ಅಸ್ತಮಾ ಇದ್ದವರು, ಎದೆನೋವಿಗೆ ನೈಟ್ರೋಗ್ಲಿಸರಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ನೈಟ್ರೋಗ್ಲಿಸರಿನ್ ಜೊತೆ ಸೇರಿದರೆ ಬಿಪಿ ಇಳಿಯಬಹುದು, ತಲೆನೋವೂ ಬರಬಹುದು.

ಆರೋಗ್ಯವಾಗಿರುವವರಿಗೆ ಎರಡರಿಂದಲೂ ದೊಡ್ಡ ಲಾಭ ಇದೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ರೊಟ್ಟಿ ಜೊತೆ ಹೆಸರುಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು ಹೊಟ್ಟೆ ತುಂಬ ಉಂಡರೆ ಸಿಸ್ಟೀನೂ ಸಿಗುತ್ತದೆ, ಗ್ಲೈಸಿನ್ನೂ ಸಿಗುತ್ತದೆ, ಅಲ್ವಾ?

ಗೆಳೆಯರ ಜೇಬಿನಲ್ಲಿ ಎದೆನೋವಿನ ಗುಳಿಗೆ ಇತ್ತು. ಅವರಿಗೆ ಎನ್‌ಎಸಿ ಬೇಡವೇ ಬೇಡ ಅಂದೆ.