180 ರೂಪಾಯಿಯ ಸೇಫ್ಟಿ ಗಾಗಲ್ಸ್: ಗ್ರೈಂಡರ್ ಮುಂದೆ ಒಂದು ವರ್ಷ, ಜೋಳದ ರಾಶಿಯಲ್ಲಿ ಒಂದು ಸುಗ್ಗಿ

ಸಿಂಧನೂರಿನಲ್ಲಿ ನನ್ನ ತಮ್ಮನದು ಸಣ್ಣ ವೆಲ್ಡಿಂಗ್ ಶಾಪ್. ಟ್ರ್ಯಾಲಿ ರಿಪೇರಿ, ಗೇಟು, ಕಿಟಕಿ ಗ್ರಿಲ್, ಸುಗ್ಗಿ ಬಂತೆಂದರೆ ಭತ್ತ ಕೊಯ್ಯುವ ಮಷೀನುಗಳ ಕೆಲಸ. ಹೋದ ವರ್ಷ ಅವನ ಕಣ್ಣಿಗೆ ಪೆಟ್ಟಾದ ಮೇಲೆ ಹಾರ್ಡ್‌ವೇರ್ ಅಂಗಡಿಯಿಂದ 180 ರೂಪಾಯಿಗೆ ಈ ಗಾಗಲ್ಸ್ ತಂದೆ. ಸುತ್ತಲೂ ಮುಖಕ್ಕೆ ಒತ್ತಿ ಕೂರುವಂಥದ್ದು, ಹಿಂದೆ ಎಲಾಸ್ಟಿಕ್ ಪಟ್ಟಿ ಇದೆ. ಕಂಪನಿ ಯಾವುದೇ ಇರಲಿ, ನಾನು ಬರೆಯುತ್ತಿರುವುದು ಈ ಮಾದರಿಯ ಬಗ್ಗೆ.

ಯಾಕೆ ಇದೇ ಮಾದರಿ ಅಂದರೆ, ಅವತ್ತು ತಮ್ಮ ಬರಿಗಣ್ಣಲ್ಲಿ ಇರಲಿಲ್ಲ. ಬಿಸಿಲಿಗೆ ಹಾಕುವ ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ಗ್ರೈಂಡರ್ ಹಿಡಿದಿದ್ದ. ಕಬ್ಬಿಣದ ಚೂರು ಬಂದಿದ್ದು ಪಕ್ಕದಿಂದ, ಕನ್ನಡಕಕ್ಕೂ ಕೆನ್ನೆಗೂ ನಡುವಿನ ಸಂದಿಯಿಂದ. ಕಣ್ಣಿನ ಬಿಳಿ ಭಾಗದಲ್ಲಿ ಕೂತಿತು. ಅರ್ಧ ಗಂಟೆಯಲ್ಲಿ ಅಲ್ಲಿ ರಕ್ತ ಹರಡಿ ಕುಂಕುಮ ಚೆಲ್ಲಿದ ಹಾಗೆ ಕೆಂಪಾಯಿತು. ಪಕ್ಕದವರೊಬ್ಬರು ಅಂಗಿಯ ತುದಿಯಿಂದ ತೆಗೆಯಲು ನೋಡಿದರು, ಆಗಲಿಲ್ಲ. ಮೆಡಿಕಲ್ ಶಾಪಿಗೆ ಹೋದರೆ ಏನಾಯ್ತು ಅಂತಲೂ ಕೇಳದೆ ಒಂದು ಡ್ರಾಪ್ಸ್ ಕೊಟ್ಟು ಕಳಿಸಿದರು. 'ಅಕ್ಕಾ, ಏನೂ ಆಗಂಗಿಲ್ಲ ಬಿಡು' ಅಂದ ಇವನು. ನಾನು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಾನ್ವಿ ಮೇಲೆ ರಾಯಚೂರಿಗೆ ಕರೆದುಕೊಂಡು ಹೋದೆ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ನನಗೆ ಇನ್ನೂ ನೆನಪಿದೆ. 'ಗ್ರೈಂಡರ್ ಹಿಡಿದಿದ್ರೋ, ಸುತ್ತಿಗೆಯಿಂದ ಹೊಡೀತಿದ್ರೋ?' ಉಳಿ ಮೇಲೆ ಸುತ್ತಿಗೆ ಬಿದ್ದಾಗ ಸಿಡಿಯುವ ಚೂರು ಎಷ್ಟು ಜೋರಾಗಿರುತ್ತೆ ಅಂದರೆ, ಬಿಳಿ ಭಾಗವನ್ನು ತೂರಿಕೊಂಡು ಕಣ್ಣೊಳಗೇ ಹೋಗಬಹುದಂತೆ. ಕೆಲವು ಸಲ ಹೆಚ್ಚು ನೋವೂ ಇರುವುದಿಲ್ಲ, ನೋಟವೂ ಚೆನ್ನಾಗೇ ಇರುತ್ತೆ. ಮೇಲೆ ಕಾಣುವುದು ಒಂದು ಸಣ್ಣ ಕೆಂಪು ಚುಕ್ಕೆ ಮಾತ್ರ. ಅದಕ್ಕೇ ಎಕ್ಸ್‌ರೇ ತೆಗೆಸಿದರು. ಒಳಗೆ ಕಬ್ಬಿಣ ಇರಬಹುದು ಅನ್ನುವ ಅನುಮಾನವಿದ್ದರೆ ಎಂಆರ್‌ಐ ಮಾತ್ರ ಮಾಡಿಸಬಾರದು, ಅದರ ಅಯಸ್ಕಾಂತ ಚೂರನ್ನು ಅಲ್ಲಾಡಿಸಿಬಿಡುತ್ತೆ. ನಮ್ಮ ಪುಣ್ಯ, ಚೂರು ಮೇಲೆಯೇ ಇತ್ತು. ಮರಗಟ್ಟಿಸುವ ಹನಿ ಹಾಕಿದರು, ಕಿತ್ತಳೆ ಬಣ್ಣ ಹಚ್ಚಿದ ಕಾಗದದ ಪಟ್ಟಿ ಕಣ್ಣಿಗೆ ತಾಗಿಸಿ ನೀಲಿ ಬೆಳಕು ಬಿಟ್ಟು ನೋಡಿದರು, ಗೀರು ಬಿದ್ದ ಜಾಗ ಹಸಿರಾಗಿ ಹೊಳೆಯಿತು. ಆಮೇಲೆ ಸೂಜಿಯ ತುದಿಯಿಂದ ಚೂರನ್ನು ಎತ್ತಿ ತೆಗೆದರು.

ನಾನು ಹೆದರಿದ್ದು ಆ ಕೆಂಪಿಗೆ. ಅದೇನೂ ದೊಡ್ಡದಲ್ಲವಂತೆ. ಬಿಳಿ ಭಾಗದ ಮೇಲಿನ ತೆಳು ಪೊರೆಯ ಕೆಳಗೆ ಸಣ್ಣ ರಕ್ತನಾಳ ಒಡೆದರೆ ಹಾಗಾಗುತ್ತೆ. ಜೋರಾಗಿ ಕೆಮ್ಮಿದರೂ, ಸೀನಿದರೂ, ಬಿಪಿ ಜಾಸ್ತಿ ಇದ್ದರೂ ಆಗಬಹುದು. ಎರಡು ವಾರದಲ್ಲಿ ಹಳದಿಗೆ ತಿರುಗಿ ತಾನಾಗೇ ಹೋಗುತ್ತೆ, ತಮ್ಮನದೂ ಹಾಗೇ ಹೋಯಿತು. ಆದರೆ ಪೆಟ್ಟು ಬಿದ್ದು ಕೆಂಪಾಗಿದ್ದರೆ ಸುಮ್ನೆ ಕಾಯಬಾರದು, ಆ ರಕ್ತದ ಅಡಿಯಲ್ಲಿ ತೂತು ಅಡಗಿರಬಹುದು.

ಈಗ ಗಾಗಲ್ಸ್ ವಿಷಯ. ಗ್ರೈಂಡರ್ ಕೆಲಸಕ್ಕೆ ನೂರಕ್ಕೆ ನೂರು ಒಪ್ಪಿಗೆ. ಗಾಜಿನ ಮೇಲೆ ಕಿಡಿ ಬಡಿದ ಕಪ್ಪು ಚುಕ್ಕೆಗಳು ಎಣಿಸಲಾರದಷ್ಟಿವೆ. ಗಾಜು ಅಂದೆ, ನಿಜವಾಗಿ ಅದು ಪಾಲಿಕಾರ್ಬೊನೇಟ್, ಪೆಟ್ಟಿಗೆ ಸುಲಭವಾಗಿ ಒಡೆಯುವುದಿಲ್ಲ. ಕೊಳ್ಳುವಾಗ ಝಡ್87 (Z87) ಅಥವಾ ಇಎನ್166 (EN166) ಅಂತ ಅಚ್ಚು ಇದೆಯಾ ನೋಡಿ, ಇವು ಕಣ್ಣಿನ ಸುರಕ್ಷತೆಯ ಮಾನದಂಡದ ಗುರುತುಗಳು. ಝಡ್87 ಪಕ್ಕದಲ್ಲಿ ಪ್ಲಸ್ ಗುರುತು ಇದ್ದರೆ ಜೋರು ಪೆಟ್ಟಿನ ಪರೀಕ್ಷೆಯೂ ಆಗಿದೆ ಅಂತ ಅರ್ಥ. ವೆಲ್ಡಿಂಗ್‌ಗೆ ಮಾತ್ರ ಇದು ಸಾಲದು, ಅದಕ್ಕೆ ಕಪ್ಪು ಗಾಜಿನ ಮಾಸ್ಕೇ ಬೇಕು.

ತೊಂದರೆ ಸೆಕೆಯದು. ನಮ್ಮ ಕಡೆ ಬೇಸಿಗೆ ಹೇಗಿರುತ್ತೆ ಗೊತ್ತಲ್ಲ. ಏಪ್ರಿಲ್‌ನಲ್ಲಿ ಹತ್ತೇ ನಿಮಿಷಕ್ಕೆ ಒಳಗೆ ಮಂಜು ಕಟ್ಟುತ್ತೆ, ಬೆವರು ಕಣ್ಣಿಗಿಳಿಯುತ್ತೆ. ಆಗ ಯಾರಿಗೇ ಆದರೂ ತೆಗೆದು ಎಸೆಯೋಣ ಅನ್ನಿಸುವುದು ಸಹಜ. ಮೇಲೆ ಕೆಳಗೆ ಗಾಳಿ ಕಿಂಡಿ ಇರುವುದನ್ನೇ ಆರಿಸಿ. ಆದರೆ ಬರೀ ತೂತುಗಳಿದ್ದರೆ ಧೂಳೂ ಒಳಗೆ ಬರುತ್ತೆ, ಕಿಂಡಿಗೆ ಮುಚ್ಚಳದ ಹಾಗೆ ಮರೆ ಇರಬೇಕು. ನಾಲ್ಕು ತಿಂಗಳಿಗೆ ಎಲಾಸ್ಟಿಕ್ ಸಡಿಲವಾಯಿತು, ಟೇಲರ್ ಹತ್ತಿರ ಹೊಸ ಪಟ್ಟಿ ಹಾಕಿಸಿದೆವು. ಧೂಳಿದ್ದಾಗ ಒಣ ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತೆ. ಮೊದಲು ನೀರು ಸುರಿಯಿರಿ.

ಇನ್ನೊಂದು ಜೊತೆ ತಂದಿದ್ದು ಅಪ್ಪನಿಗೆ, ಜೋಳದ ರಾಶಿಗೆ. ನೋಡುವ ಕನ್ನಡಕದ ಮೇಲೆಯೇ ಕೂರುತ್ತೆ, ಅದು ತುಂಬಾ ಅನುಕೂಲ. ಮೊದಲ ದಿನ ಅಪ್ಪ ಬೇಡ ಅಂದರು. ಮಷೀನಿನ ಬಾಯಿಂದ ಹೊಟ್ಟು, ಸುಂಕು ಹಾರುವುದನ್ನು ಕಂಡವರಿಗೆ ಗೊತ್ತು, ಸಂಜೆಗೆ ಎಲ್ಲರ ಕಣ್ಣೂ ಕೆಂಡ. ಎರಡನೇ ದಿನ ತಾವೇ ಕೇಳಿ ಹಾಕಿಕೊಂಡರು. ಅಪ್ಪನ ಕಣ್ಣಿನಲ್ಲಿ ಮೂಗಿನ ಕಡೆಯಿಂದ ದುರ್ಮಾಂಸ ಬೆಳೆದಿದೆ. ವರ್ಷಾನುಗಟ್ಟಲೆ ಬಿಸಿಲು, ಗಾಳಿ, ಧೂಳಿನಲ್ಲಿ ದುಡಿದವರಿಗೆ ಇದು ಬರುತ್ತೆ. ಇನ್ನೂ ಕರಿ ಗುಡ್ಡೆಯ ನಡುವಿಗೆ ಬಂದಿಲ್ಲ, ಹಾಗಾಗಿ ಆಪರೇಷನ್ ಬೇಡ, ಬಿಸಿಲು ಧೂಳಿನಿಂದ ಕಾಪಾಡಿಕೊಳ್ಳಿ ಅಂದಿದ್ದಾರೆ.

ರಾಶಿಯಲ್ಲಿ ಕಣ್ಣಿಗೆ ಕಡ್ಡಿ, ಸಿಪ್ಪೆ ಚುಚ್ಚಿದರೆ ಕಬ್ಬಿಣಕ್ಕಿಂತ ಕಡಿಮೆ ಅಂದುಕೊಳ್ಳಬೇಡಿ. ಬೆಳೆಯ ಕಸದಿಂದ ಆದ ಗಾಯಕ್ಕೆ ಬೂಸ್ಟು ಹಿಡಿದು ಕರಿ ಗುಡ್ಡೆಯಲ್ಲಿ ಹುಣ್ಣಾಗಬಹುದು. ಅದಕ್ಕೆ ಸ್ಟೆರಾಯ್ಡ್ ಇರುವ ಡ್ರಾಪ್ಸ್ ಬಿದ್ದರೆ ಬೂಸ್ಟು ಇನ್ನೂ ಜೋರಾಗುತ್ತೆ. ಕೇಳದೆ ಡ್ರಾಪ್ಸ್ ಕೊಡುವವರ ಮೇಲೆ ನನಗೆ ಸಿಟ್ಟು ಇರುವುದು ಇದಕ್ಕೇ. ನಾಲಿಗೆಯಿಂದ ಕಸ ತೆಗೆಸುವುದು, ಹರಳೆಣ್ಣೆ ಬಿಡುವುದು, ಎದೆಹಾಲು ಹಾಕಿಸುವುದು, ದಯವಿಟ್ಟು ಇದ್ಯಾವುದೂ ಬೇಡ. ಉಜ್ಜಬೇಡಿ, ಶುದ್ಧ ನೀರಿನಲ್ಲಿ ತೊಳೆಯಿರಿ, ಹೋಗದಿದ್ದರೆ ಕಣ್ಣಿನ ಡಾಕ್ಟರ್. ಚುಚ್ಚಿಕೊಂಡು ನಿಂತಿದ್ದರೆ ಕೀಳಲೂ ಬೇಡಿ, ತೊಳೆಯಲೂ ಬೇಡಿ. ಒತ್ತದ ಹಾಗೆ ಮೇಲೊಂದು ಕಾಗದದ ಕಪ್ ಮುಚ್ಚಿಕೊಂಡು ಹೊರಡಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದಿದ್ದು ಮಂಜಿಗೆ. ಶಾಪಿನಲ್ಲಿ ಈಗ ಮೊಳೆಗೆ ಮೂರು ಗಾಗಲ್ಸ್ ತೂಗುಹಾಕಿದ್ದೇವೆ. ಒಂದು ತಮ್ಮನಿಗೆ, ಒಂದು ಕೆಲಸದ ಹುಡುಗನಿಗೆ, ಇನ್ನೊಂದು ಟ್ರ್ಯಾಲಿ ತಂದು ಪಕ್ಕದಲ್ಲೇ ಬಗ್ಗಿ ನೋಡುತ್ತಾ ನಿಲ್ಲುವ ಗಿರಾಕಿಗೆ.