ಮೇ ತಿಂಗಳಲ್ಲಿ ಹಿನ್ನೀರಿನ ಜಾಗ ನೋಡಬೇಡಿ

ಮೊನ್ನೆ ಸ್ನೇಹಿತನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಶರಾವತಿ ಹಿನ್ನೀರಿನ ಅಂಚಿಗೆ ಒಂದು ಎಕರೆ ಹತ್ತು ಗುಂಟೆ, ಹೊಸ ಸೇತುವೆಯಿಂದ ಸ್ವಲ್ಪವೇ ದೂರ, ನೀನು ಅಲ್ಲೆಲ್ಲ ಓಡಾಡಿದವನಲ್ಲವೇ, ಹೇಗಿದೆ ನೋಡಿ ಹೇಳು ಎಂದು. ನೋಡಿದೆ. ಹಸಿರು ಹುಲ್ಲಿನ ಇಳಿಜಾರು, ಕೆಳಗೆ ನೀಲಿ ನೀರು, ಎಡಕ್ಕೆ ಕಪ್ಪಗಾದ ಒಂದು ಮರದ ಮೋಟು. ಆ ಮೋಟಿನ ಮೇಲೆ ಕುಳಿತು ನನ್ನ ಮಗಳು ಫೋಟೊ ತೆಗೆಸಿಕೊಂಡಿದ್ದಳು. ಆ ಜಾಗಕ್ಕೆ ಆರು ಲಕ್ಷ ರೂಪಾಯಿ ಮುಂಗಡ ಕೊಟ್ಟ ಮೂರ್ಖ ನಾನು. ಅದೇ ಜಾಗ, ಅದೇ ಮೋಟು. ಬೇಸಿಗೆ ಬೇರೆ, ಗಿರಾಕಿ ಬೇರೆ.

ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮನೆಯವರಿಗೆ ಬಿಟ್ಟರೆ ಅಣ್ಣನಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ ‘ನೋಂದಣಿ ತಡವಾಗುತ್ತಿದೆ’ ಎಂದು ತೇಲಿಸಿಬಿಡುತ್ತಿದ್ದೆ. ಈಗ ಬರೆಯುತ್ತಿದ್ದೇನೆ, ಏಕೆಂದರೆ ನೀರು ಮತ್ತೆ ಇಳಿಯುತ್ತಿದೆ ಮತ್ತು ನನಗೆ ಆ ಜಾಗ ತೋರಿಸಿದ ದಲ್ಲಾಳಿ ಅದನ್ನೇ ಮತ್ತೆ ಮಾರುತ್ತಿದ್ದಾನೆ.

ನಾನು ಹೋಗಿದ್ದು 2024ರ ಮೇ ತಿಂಗಳಲ್ಲಿ. ಆಗ ಸೇತುವೆ ಇನ್ನೂ ಕಟ್ಟುತ್ತಿದ್ದರು, ಹಿನ್ನೀರಿನಿಂದ ದ್ವೀಪದಂತಾದ ಆಚೆ ದಡದ ಊರುಗಳಿಗೆ ಹೋಗಲು ಹೊಳೆಬಾಗಿಲಿನಲ್ಲಿ ವಾಹನ ಸಾಗಿಸುವ ಲಾಂಚಿಗೆ ಕಾಯಬೇಕಿತ್ತು. ಶನಿವಾರ ಬೇರೆ. ಸಿಗಂದೂರಿಗೆ ಹೊರಟ ಕಾರುಗಳು, ಟೆಂಪೊಗಳು ಸಾಲುಗಟ್ಟಿ ನಿಂತಿದ್ದವು. ಎರಡು ಗಂಟೆ ಬಿಸಿಲಲ್ಲಿ ನಿಂತ ಮೇಲೆ ನಮ್ಮ ಸರದಿ ಬಂತು ಅನ್ನುವಾಗ ಪಕ್ಕದಿಂದ ಒಂದು ಹಳೆಯ ಜೀಪನ್ನು ಮುಂದೆ ಬಿಟ್ಟರು. ನಾನು ಇಳಿದು ಹೋಗಿ ಜಗಳ ತೆಗೆದೆ. ‘ನಾವು ಎರಡು ಗಂಟೆಯಿಂದ ಕಾಯುತ್ತಿದ್ದೇವೆ’ ಎಂದೆ. ಜೀಪಿನಲ್ಲಿದ್ದ ಹುಡುಗ ನನ್ನ ಕಡೆ ತಿರುಗಿಯೂ ನೋಡದೆ, ‘ನಾವು ಅರವತ್ತು ವರ್ಷದಿಂದ’ ಎಂದ. ಹಿಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಬಟ್ಟೆ ಸುತ್ತಿಕೊಂಡು ಮಲಗಿದ್ದಳು, ಸಾಗರದ ಆಸ್ಪತ್ರೆಯಿಂದ ಮನೆಗೆ ಹೋಗುತ್ತಿದ್ದಳು ಎಂದು ಆಮೇಲೆ ಗೊತ್ತಾಯಿತು. ಆ ಕ್ಷಣಕ್ಕೆ ನನಗೆ ಅನ್ನಿಸಿದ್ದು ಒಂದೇ: ಈ ಊರಿನವರಿಗೆ ಎಷ್ಟು ಸೊಕ್ಕು.

ದಲ್ಲಾಳಿ ಕಳಸವಳ್ಳಿಯ ದಡದಲ್ಲಿ ಕಾಯುತ್ತಿದ್ದ. ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಬಾಯಿ ತುಂಬ ‘ಸರ್’. ದ್ವೀಪದವನಲ್ಲ, ಪೇಟೆಯ ಕಡೆಯವನು. ಅದೇ ನನಗೆ ಧೈರ್ಯ ಕೊಟ್ಟಿತು ಎಂದರೆ ನನ್ನ ಬುದ್ಧಿ ಎಷ್ಟಿತ್ತು ಎಂದು ತಿಳಿಯಿರಿ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾದ ಮೇಲೆ ನಮ್ಮಂಥವರಿಗೆ ಮಲೆನಾಡಿನ ಹುಚ್ಚು ಹಿಡಿದಿದೆ. ನಿವೃತ್ತಿಯಾದ ಮೇಲೆ ಹೆಂಚಿನ ಮನೆ, ಹತ್ತು ಅಡಿಕೆ ಮರ, ಮುಂದೆ ನೀರು. ಅವನಿಗೆ ಆ ಹುಚ್ಚಿನ ಉದ್ದಗಲ ನನಗಿಂತ ಚೆನ್ನಾಗಿ ಗೊತ್ತಿತ್ತು.

ಜಾಗ ತೋರಿಸಿದ. ಮೇಲೆ ನಾಲ್ಕು ಗೇರು ಮರ, ಸ್ವಲ್ಪ ಕಲ್ಲು ನೆಲ. ಅದರ ಕೆಳಗೆ ವಿಶಾಲವಾದ ಹುಲ್ಲುಗಾವಲು, ನೀರಿನವರೆಗೆ. ಒಂದೂ ದೊಡ್ಡ ಮರವಿಲ್ಲ. ಮಲೆನಾಡಿನ ಆ ಮಣ್ಣಿನಲ್ಲಿ ಅರ್ಧ ಎಕರೆಗೂ ಮಿಕ್ಕಿ ಜಾಗದಲ್ಲಿ ಒಂದು ಮರವೂ ಇಲ್ಲವಲ್ಲ, ಏಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ‘ನೋಡಿ ಸರ್, ಸಮತಟ್ಟು ಮಾಡುವ ಖರ್ಚೇ ಇಲ್ಲ’ ಎಂದ. ಹೌದಲ್ಲ ಎಂದುಕೊಂಡೆ.

ಹುಲ್ಲಿನಲ್ಲಿ ಮಗಳಿಗೆ ಒಂದು ಬಸವನಹುಳುವಿನ ಚಿಪ್ಪು ಸಿಕ್ಕಿತು. ಬೆರಳಿನ ಉಗುರಿನಷ್ಟು, ಬಿಳಿಚಿಕೊಂಡದ್ದು, ಒಳಗೆ ಒಣಗಿದ ಕೆಸರು. ಇನ್ನೊಂದು ಸಿಕ್ಕಿತು. ಹತ್ತು ಹೆಜ್ಜೆ ಮೇಲೆ ಮತ್ತೆ ಮೂರು. ‘ನೀರು ಅಷ್ಟು ಕೆಳಗಿದೆಯಲ್ಲ, ಇದು ಇಲ್ಲಿಗೆ ಹೇಗೆ ಬಂತು?’ ಎಂದು ಕೇಳಿದಳು. ಎಂಟು ವರ್ಷದ ಹುಡುಗಿ ಕೇಳಬೇಕಾದ್ದನ್ನೇ ಕೇಳಿದಳು. ದಲ್ಲಾಳಿ ಒಂದು ಕ್ಷಣವೂ ತಡವರಿಸದೆ, ‘ಹಕ್ಕಿ ತಂದು ಹಾಕಿರುತ್ತದೆ ಪುಟ್ಟಾ’ ಎಂದ. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಎರಡು ವರ್ಷದಲ್ಲಿ ಆ ನಗುವನ್ನು ಎಷ್ಟು ಸಲ ನೆನೆಸಿಕೊಂಡು ಹಲ್ಲು ಕಡಿದಿದ್ದೇನೋ ಲೆಕ್ಕವಿಲ್ಲ.

ಹಾಗೆಂದು ಕೇಳಲೇ ಇಲ್ಲ ಎಂದಲ್ಲ. ಕೇಳಿದೆ. ‘ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ?’ ಎಂದು ನೇರವಾಗಿಯೇ ಕೇಳಿದೆ. ‘ಹೋದ ಮಳೆಗಾಲದಲ್ಲಿ ನಾನೇ ಇಲ್ಲಿ ನಿಂತಿದ್ದೆ ಸರ್, ಆ ಮೋಟಿನ ಹತ್ತಿರಕ್ಕೂ ಬಂದಿರಲಿಲ್ಲ’ ಎಂದ. ಗಮನಿಸಿ, ಇದು ಸುಳ್ಳಲ್ಲ. 2023ರಲ್ಲಿ ಮಳೆ ಕೈಕೊಟ್ಟಿತ್ತು, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿರಲಿಲ್ಲ. ಆ ವರ್ಷದ ಜೂನ್‌ನಲ್ಲಿ ನೀರು ಎಷ್ಟು ತಳ ಕಂಡಿತ್ತೆಂದರೆ ಲಾಂಚಿನಲ್ಲಿ ವಾಹನ ಸಾಗಿಸುವುದನ್ನೇ ನಿಲ್ಲಿಸಿದ್ದರು. ಬರಗಾಲದ ಸತ್ಯವನ್ನು ತಂದು ನನ್ನ ಕೈಗಿಟ್ಟ. ಸುಳ್ಳು ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಕರಾರು ಪತ್ರ ಛಾಪಾ ಕಾಗದದ ಮೇಲೆ ಆಯಿತು. ಇಂಥ ವ್ಯವಹಾರ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತು: 11ಇ ನಕ್ಷೆ (ಜಮೀನಿನ ಒಂದು ಭಾಗ ಮಾರಲು ಬೇಕಾದ ಸರ್ವೆ ನಕ್ಷೆ) ಬರಬೇಕು, ಸರ್ವೆಯರ್ ಸಿಗುತ್ತಿಲ್ಲ, ಮಳೆ ಮುಗಿಯಲಿ, ಅಷ್ಟರಲ್ಲಿ ನೀವು ಬೇಲಿ ಹಾಕಿಕೊಳ್ಳಿ, ಜಾಗ ನಿಮ್ಮದೇ. ಪಹಣಿ ತೋರಿಸಿದ್ದ. ಪಹಣಿ ಅಸಲಿಯೇ. ಆದರೆ ಅದು ಮೇಲಿನ ಗೇರು ಮರಗಳ ಹದಿನಾಲ್ಕು ಗುಂಟೆಯದು. ಉಳಿದ ಹುಲ್ಲುಗಾವಲು ಬೇರೆಯೇ ಸರ್ವೆ ನಂಬರು. ನಿಂತ ನೆಲದ ಸರ್ವೆ ನಂಬರು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಅಲ್ಲೇ ನೋಡಬಹುದಿತ್ತು. ನೋಡಲು ಹೋದೆ, ಅಲ್ಲಿ ನೆಟ್‌ವರ್ಕ್ ಇರಲಿಲ್ಲ, ಮೇಲೆ ಹೋದಾಗ ನೋಡೋಣ ಎಂದು ಮೊಬೈಲ್ ಜೇಬಿಗೆ ಹಾಕಿದೆ. ಮೇಲೆ ಹೋದಾಗ ಅವನು ಎಳನೀರು ಕೆತ್ತಿಸಿ ಇಟ್ಟಿದ್ದ.

ಬೇಲಿ ಹಾಕಿಸಿದೆ. ಸಿಮೆಂಟ್ ಕಂಬ, ಮುಳ್ಳುತಂತಿ, ಎಂಬತ್ತೈದು ಸಾವಿರ. ಬೇಲಿ ಹಾಕುವ ಎರಡನೆಯ ದಿನ ಪಕ್ಕದ ಮನೆಯ ಯಜಮಾನರು ಬಂದರು. ಎಪ್ಪತ್ತು ದಾಟಿದವರು, ಹೆಗಲ ಮೇಲೆ ಟವೆಲು, ಬಾಯಲ್ಲಿ ಎಲೆಯಡಿಕೆಯ ಕವಳ. ‘ಇಲ್ಲಿ ದನ ನೀರಿಗೆ ಇಳಿಯುವ ದಾರಿ ಇದೆ, ಒಂದು ಉಣಗೋಲು ಇಟ್ಟು ಬಿಡಿ’ ಎಂದರು. ಉಣಗೋಲು ಎಂದರೆ ಗಳ ಸರಿಸಿ ದಾಟುವ ಬೇಲಿಯ ಬಾಗಿಲು. ನಾನು ಕಾರಿನಿಂದ ಕರಾರು ಪತ್ರ ತಂದು ತೋರಿಸಿದೆ. ಹೌದು, ತೋರಿಸಿದೆ. ನಕ್ಷೆಯಲ್ಲಿ ದಾರಿ ಇಲ್ಲ ಎಂದು ಬೆರಳಿಟ್ಟು ವಿವರಿಸಿದೆ. ಅವರು ಪತ್ರವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕಂಬಗಳ ಸಾಲನ್ನು ಒಮ್ಮೆ ಮೇಲಿಂದ ಕೆಳಗಿನ ತನಕ ನೋಡಿದರು, ‘ಸರಿ’ ಎಂದರು, ಹೋದರು.

ಆಗಸ್ಟ್‌ನಲ್ಲಿ ಅಣೆಕಟ್ಟಿನ ಗೇಟು ತೆರೆದ ಸುದ್ದಿ ಬಂತು. ಜೋಗದ ವಿಡಿಯೊ ನೋಡಿ ಖುಷಿಪಟ್ಟೆ. ಇಷ್ಟು ನೀರು ಎಲ್ಲಿ ನಿಂತಿದೆ ಎಂದು ಯೋಚಿಸಲಿಲ್ಲ. ಆ ತಿಂಗಳ ಕೊನೆಗೆ, ಸಣ್ಣ ಶೆಡ್ ಕಟ್ಟಿಸಲು ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ.

ಗೇರು ಮರಗಳ ಬುಡಕ್ಕೆ ನೀರು ನೆಕ್ಕುತ್ತಿತ್ತು. ಹುಲ್ಲುಗಾವಲು ಇಲ್ಲ. ಮೋಟು ಇಲ್ಲ. ಬೇಲಿ ಮಾತ್ರ ಇತ್ತು: ಮೊದಲ ನಾಲ್ಕು ಕಂಬ ಪೂರ್ತಿ, ಆಮೇಲೆ ಸೊಂಟದ ತನಕ, ಆಮೇಲೆ ಕುತ್ತಿಗೆ, ಆಮೇಲೆ ತಲೆ ಮಾತ್ರ, ಆಮೇಲೆ ಏನೂ ಇಲ್ಲ. ಕಾಣುತ್ತಿದ್ದ ಕೊನೆಯ ತಲೆಯ ಮೇಲೆ ಒಂದು ನೀರುಕಾಗೆ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತಿತ್ತು. ಮೇಸ್ತ್ರಿ ಟೇಪು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಪಾಪ, ಮರ್ಯಾದಸ್ಥ. ‘ಪಾಯ ಎಲ್ಲಿ ತೆಗೆಯುವುದು ಸರ್?’ ಎಂದು ಮೆಲ್ಲಗೆ ಕೇಳಿದ.

ದಲ್ಲಾಳಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಇದ್ದ ಹಾಗೆಯೇ ಬರೆಯುತ್ತೇನೆ, ನಿಮಗೂ ಇವೇ ಸಿಗುತ್ತವೆ. ಮೊದಲ ದಿನ: ‘ಈ ವರ್ಷ ಮಳೆ ಜಾಸ್ತಿ ಸರ್.’ ಮರುದಿನ: ‘ಇಳಿಯುತ್ತದೆ ಸರ್, ಬೇಸಿಗೆಗೆ ಇಳಿದೇ ಇಳಿಯುತ್ತದೆ.’ ಒಂದು ವಾರದ ಮೇಲೆ, ಸ್ವಲ್ಪ ಗಡುಸಾಗಿ: ‘ನೀರಿಗೆ ಹತ್ತಿರ ಬೇಕು ಎಂದು ಕೇಳಿದವರು ನೀವೇ ಅಲ್ಲವೇ?’ ಹಣ ವಾಪಸು ಕೊಡು ಎಂದಾಗ ಕರಾರು ಓದಿ ಎಂದ. ಓದಿದೆ. ಚೆಕ್ಕುಬಂದಿಯಲ್ಲಿ ‘ಪೂರ್ವಕ್ಕೆ: ಹಿನ್ನೀರು’ ಎಂದಿತ್ತು. ‘ಹಿನ್ನೀರು ಎಲ್ಲಿಯವರೆಗೆ ಎಂದು ಬರೆದಿಲ್ಲ ಸರ್’ ಎಂದ. ಕೊನೆಗೆ ಬಂದದ್ದು ಒಂದು ಸಂದೇಶ: ‘ಜಾಗ ಎಲ್ಲಿಗೂ ಹೋಗಿಲ್ಲ, ಅಲ್ಲಿಯೇ ಇದೆ.’ ಆಮೇಲೆ ನನ್ನ ಕರೆ ಹೋಗುತ್ತಿಲ್ಲ. ವಕೀಲರ ನೋಟಿಸಿಗೆ ಉತ್ತರವಿಲ್ಲ. ಆರು ಲಕ್ಷದಲ್ಲಿ ಈವರೆಗೆ ಬಂದದ್ದು ನಲವತ್ತು ಸಾವಿರ.

ಅವನು ಮೋಸಗಾರ, ಸರಿ. ಆದರೆ ಆ ದಿನ ನನ್ನ ಸಿಟ್ಟೆಲ್ಲ ಊರಿನವರ ಮೇಲೆ ತಿರುಗಿತ್ತು. ಯಜಮಾನರ ಜಗಲಿಗೆ ಹೋಗಿ ಚಪ್ಪಲಿಯನ್ನೂ ಬಿಡದೆ ಕೂಗಾಡಿದೆ. ನಿಮಗೆಲ್ಲ ಗೊತ್ತಿತ್ತು, ಒಂದು ಮಾತು ಹೇಳಲಿಲ್ಲವಲ್ಲ, ನಾಲ್ಕು ದಿನ ಕಂಬ ನೆಡುವುದನ್ನು ನೋಡುತ್ತಾ ಕೂತಿರಲ್ಲ ಎಂದೆ. ಅವರು ಕವಳ ಉಗಿದು ಬಂದು ಕುಳಿತರು.

‘ಅದು ನಮ್ಮ ಅಪ್ಪನ ಗದ್ದೆ’ ಎಂದರು. ‘ಮುಳುಗಡೆಗೆ ಹೋಯಿತು. ಅದನ್ನು ನೀವು ಯಾರ ಹತ್ತಿರ ಕೊಂಡಿರಿ ಎಂದು ತಿಳಿಯುವ ಕುತೂಹಲ ನನಗೂ ಇತ್ತು.’

‘ಮತ್ತೆ ಹೇಳಬಾರದಿತ್ತೇ?’

‘ಬಂದಿದ್ದೆನಲ್ಲ. ನೀವು ಪತ್ರ ತೋರಿಸಿದಿರಿ. ನಾನಿರುವ ಈ ಮನೆಗೆ ಇನ್ನೂ ಹಕ್ಕುಪತ್ರ ಇಲ್ಲ. ಪತ್ರ ಇರುವವರಿಗೆ ನಾವು ಏನು ಹೇಳುವುದು?’

ಅಷ್ಟೇ. ವ್ಯಂಗ್ಯವೂ ಇರಲಿಲ್ಲ, ಅದೇ ತಡೆಯಲಾಗಲಿಲ್ಲ. ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು. ಕುಡಿಯದೆ ಎದ್ದು ಬಂದೆ. ಅದೂ ತಪ್ಪು.

ಆಮೇಲೆ ಹಣದ ಹಿಂದೆ ಐದಾರು ಸಲ ಹೋಗಬೇಕಾಯಿತು, ಹೋದಾಗಲೆಲ್ಲ ಕಿವಿಗೆ ಬಿದ್ದದ್ದನ್ನು ಹೇಳುತ್ತೇನೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಈ ಜನರ ಗದ್ದೆ, ತೋಟ, ದೇವಸ್ಥಾನ ನೀರಿನಡಿ ಹೋದವು. ಸಾವಿರಾರು ಕುಟುಂಬಗಳನ್ನು ಲಾರಿಯಲ್ಲಿ ತುಂಬಿ ಬೇರೆಡೆ ಕಳಿಸಿದರು, ಉಳಿದವರು ಗುಡ್ಡ ಹತ್ತಿ ದ್ವೀಪದವರಾದರು. ನಾಡಿಗೆಲ್ಲ ದೀಪ ಬಂತು, ಇವರಿಗೆ ಲಾಂಚು ಬಂತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಹೆರಿಗೆ ನೋವಾದರೂ ಸುತ್ತು ಬಳಸಿಯೇ ಹೋಗಬೇಕಿತ್ತು. ಆ ಲಾಂಚಿನಲ್ಲೂ ವಾರಾಂತ್ಯ ಬಂದರೆ ನಮ್ಮ ಕಾರುಗಳು. ಸೇತುವೆಗಾಗಿ ದಶಕಗಟ್ಟಲೆ ಹೋರಾಡಿದವರು ಇವರು. 2025ರ ಜುಲೈ 14ರಂದು ಅದು ಉದ್ಘಾಟನೆಯಾಯಿತು, ಮೊದಲು ಓಡಿಬಂದವರು ಜಾಗ ಕೇಳುವವರು. ‘ಸೇತುವೆಯಲ್ಲಿ ಆಂಬುಲೆನ್ಸ್ ಬರುತ್ತದೆ, ಒಳ್ಳೆಯದೇ. ಅದರ ಹಿಂದೆ ನೀವೂ ಬರುತ್ತೀರಿ’ ಎಂದು ಅಂಗಡಿಯೊಂದರಲ್ಲಿ ನನ್ನ ಮುಖಕ್ಕೇ ಹೇಳಿದರು. ನೀರಿನಂಚಿನಲ್ಲಿ ಬಿದ್ದ ಬಾಟಲಿ ಚೂರು ದನದ ಗೊರಸಿಗೆ ಹೊಕ್ಕಿದ್ದನ್ನು ಇನ್ನೊಬ್ಬರು ಹೇಳಿದರು. ಬಾಟಲಿ ನನ್ನದಲ್ಲ ಎಂದೆ. ‘ಯಾರದೂ ಅಲ್ಲ’ ಎಂದರು.

ಆದರೂ ಹೇಳುತ್ತೇನೆ, ಅವರು ಒಂದು ಮಾತು ಹೇಳಬಹುದಿತ್ತು. ಈ ಮುನಿಸು ನನಗೆ ಹೋಗಿಲ್ಲ. ಆರು ಲಕ್ಷದ ಮಾತು ಅದು.

ಹೋಗುವವರು ಹೋಗಿ. ಆದರೆ ಜಾಗವನ್ನು ಮೇ ತಿಂಗಳಲ್ಲಿ ನೋಡಬೇಡಿ, ಸೆಪ್ಟೆಂಬರ್‌ನಲ್ಲಿ ನೋಡಿ, ಅದೂ ಮಳೆ ಚೆನ್ನಾಗಿ ಆದ ವರ್ಷ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಸಾಗರದ ಕಡೆ ಶಾಲೆಯ ಮಕ್ಕಳಿಗೂ ಗೊತ್ತು. ನಿಮ್ಮ ಜಾಗ ಅದಕ್ಕಿಂತ ಮೇಲಿದೆಯೇ ಎಂದು ಸರ್ವೆಯರ್ ಬಾಯಿಂದ ಕೇಳಿ. ಪಹಣಿಯ ಸರ್ವೆ ನಂಬರೂ ನೀವು ನಿಂತ ನೆಲದ ಸರ್ವೆ ನಂಬರೂ ಒಂದೇ ಎಂದು ಖಾತ್ರಿಯಾಗುವ ತನಕ ಒಂದು ರೂಪಾಯಿ ಕೊಡಬೇಡಿ. ಮರವಿಲ್ಲದ ಹುಲ್ಲುಗಾವಲು ಕಂಡರೆ ಹಿಂದಕ್ಕೆ ಬನ್ನಿ. ಹುಲ್ಲಿನಲ್ಲಿ ಚಿಪ್ಪು ಸಿಕ್ಕಿದರೆ ಓಡಿ ಬನ್ನಿ.

ಸ್ನೇಹಿತ ಕಳಿಸಿದ ಫೋಟೊದಲ್ಲಿ ನನ್ನ ಬೇಲಿಯ ಕಂಬಗಳು ಇರಲಿಲ್ಲ. ಯಜಮಾನರಿಗೆ ಫೋನ್ ಮಾಡಿದೆ. ನಿಮ್ಮವನೇ ಬಂದು ಕೀಳಿಸಿಕೊಂಡು ಹೋದ, ತಂತಿಯನ್ನೂ ಸುತ್ತಿಕೊಂಡು ಹೋದ ಎಂದರು. ‘ನಿಮ್ಮವನು’ ಎಂದೇ ಹೇಳಿದರು. ಈಗ ಯಾರಾದರೂ ಜಾಗ ನೋಡಲು ಬಂದರೆ ಅವರಿಗೆ ಹೇಳುತ್ತೀರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಕವಳ ಅಗಿಯುವ ಸದ್ದಷ್ಟೇ ಬಂತು.

‘ದಾರಿ ಬಿಡುತ್ತಾರೋ ನೋಡುತ್ತೇನೆ’ ಎಂದರು.